ರಸ್ತೆ ಕಾಣುವ ಜಾಕೆಟ್ಟು

ಗಂಗಾನಗರದ ನಮ್ಮ ಬೀದಿಯಲ್ಲಿ ಮುನೇಶನ ಎರಡನೇ ಮದುವೆಯ ಸುದ್ದಿ ಹಬ್ಬಿಸಿದವನು ನಾನೇ ಎಂದು ಈಗ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ಇದು ಶುದ್ಧ ಅನ್ಯಾಯ. ನಾನು ಹೇಳಿದ್ದು ನನ್ನ ಹೆಂಡತಿ ನಯನಾ ಒಬ್ಬಳಿಗೆ. ಯಾರಿಗೂ ಹೇಳಬೇಡ ಎಂದು ಎಚ್ಚರಿಸಿಯೇ ಹೇಳಿದ್ದು. ನಯನಾ ಹೇಳಿದ್ದು ಎದುರುಮನೆಯವರಿಗೆ ಮಾತ್ರ, ಅವರು ಹೇಳಿದ್ದು ಹಾಲಿನ ಬೂತಿನವನಿಗೆ ಮಾತ್ರ. ಕೂತು ವಿಚಾರಣೆ ಮಾಡಿದರೆ ನಮ್ಮ ಬೀದಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಹೇಳಿದವರು ಯಾರೂ ಸಿಗುವುದಿಲ್ಲ. ಆದರೂ ಒಂದು ವಾರದೊಳಗೆ ವಿಷಯ ಅವನ ಹೆಂಡತಿಯ ತವರಾದ ರಾಜಾನುಕುಂಟೆ ತಲುಪಿತ್ತು.

ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಮುನೇಶ ನನ್ನ ಬಾಲ್ಯದ ಗೆಳೆಯ. ನೀರಿನ ಇಲಾಖೆಯಲ್ಲಿ ಮೀಟರ್ ರೀಡರ್. ಸಂಜಯನಗರ, ಗಂಗಾನಗರದ ಮನೆಗಳಿಗೆ ಹೋಗಿ, ಬಗ್ಗಿ, ಮೀಟರಿನ ಮುಚ್ಚಳ ಎತ್ತಿ, ಅಂಕಿ ನೋಡಿಕೊಂಡು ಬರುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅಂಕಿಗಳ ಸಹವಾಸ ಮಾಡಿ ಅವನ ಮಾತೂ ಹಾಗೇ ಆಗಿದೆ. ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟು, ಹಿಂದಿಲ್ಲ, ಮುಂದಿಲ್ಲ. ಇಡೀ ಅನಾಹುತಕ್ಕೆ ಅವನ ಈ ಗುಣವೇ ಕಾರಣವೇ ಹೊರತು ನನ್ನ ಬಾಯಿಯಲ್ಲ.

ಇನ್ನೊಂದು ವಿಷಯವೆಂದರೆ ಮುನೇಶನಿಗೆ ಗಾಡಿ ಓಡಿಸಲು ಬರುವುದಿಲ್ಲ. ಬೈಕು, ಸ್ಕೂಟರು, ಸೈಕಲ್ಲು, ಯಾವುದೂ ಬರುವುದಿಲ್ಲ. ಚಿಕ್ಕವರಿದ್ದಾಗ ಒಂದು ಬೇಸಿಗೆ ರಜೆ ಪೂರ್ತಿ ನಾನೇ ಅವನಿಗೆ ಸೈಕಲ್ ಕಲಿಸಲು ಹೋಗಿ, ಕೊನೆಗೆ ಸೈಕಲ್ಲನ್ನು ಗುಜರಿಗೆ ಹಾಕಬೇಕಾಯಿತು. ಅವರ ಮನೆಯಲ್ಲಿ ಸ್ಕೂಟರ್ ಓಡಿಸುತ್ತಿದ್ದವಳು ಅವನ ಹೆಂಡತಿ ಕಲಾವತಿ. ಮನೆಯಲ್ಲೇ ಬ್ಲೌಸ್ ಹೊಲಿದು, ಹೆಬ್ಬಾಳದವರೆಗೆ ಎಲ್ಲರ ಮನೆ ಬಾಗಿಲಿಗೆ ತಲುಪಿಸುತ್ತಿದ್ದಳು. ಬೆಳಿಗ್ಗೆ ಗಂಡನನ್ನು ಕೆಲಸಕ್ಕೆ ಬಿಡುವವಳೂ ಅವಳೇ, ಸಂಜೆ ಕರೆತರುವವಳೂ ಅವಳೇ. ಅವಳು ಮುಂದೆ, ಅವನು ಹಿಂದೆ, ಅವನ ತೊಡೆಯ ಮೇಲೆ ತರಕಾರಿ ಚೀಲ. ಹತ್ತೊಂಬತ್ತು ವರ್ಷ ನಮ್ಮ ಬೀದಿ ಇದನ್ನು ನೋಡಿ ನಕ್ಕಿದೆ. ಜೋರಾಗಿ ನಕ್ಕವರಲ್ಲಿ ನಾನೂ ಒಬ್ಬ. ಅವರಿಬ್ಬರೂ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಅವರಿಗೆ ಮಕ್ಕಳಿರಲಿಲ್ಲ, ಸ್ಕೂಟರ್ ಇತ್ತು.

ಈ ಫೆಬ್ರವರಿಯಲ್ಲಿ ಜ್ವರವೆಂದು ಆಸ್ಪತ್ರೆಗೆ ಸೇರಿದ ಕಲಾವತಿ ಹನ್ನೆರಡನೇ ದಿನ ತೀರಿಕೊಂಡಳು. ನಲವತ್ತಾರು ವರ್ಷ ಅಷ್ಟೇ. ಅಂದಿನಿಂದ ಮುನೇಶ ಎಲ್ಲಿಗೇ ಆದರೂ ನಡೆದೇ ಹೋಗುತ್ತಾನೆ. ಕಾಂಪೌಂಡಿನಲ್ಲಿ ನಿಂತಿರುವ ಸ್ಕೂಟರನ್ನು ದಿನಾ ಒರೆಸುತ್ತಾನೆ. ಅವನನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು. ಏನು ಮಾತಾಡಬೇಕೆಂದು ತಿಳಿಯದೆ ಕ್ರಿಕೆಟ್ ವಿಷಯ ಮಾತಾಡುತ್ತಿದ್ದೆ.

ಈಗ ಜಾಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಅವನು ನನಗೆ ಹೇಳಿದ್ದು ಎಲ್ಲಾ ಮುಗಿದ ಮೇಲೆ. ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನನ್ನ ಹಾಗೆ ನೀವೂ ದಡ್ಡರಾಗುವುದು ಬೇಡ. ಎಂಟು ವರ್ಷದ ಹಿಂದೆ ಒಂದು ಸಂಜೆ ಆರ್.ಟಿ. ನಗರದ ಸಿಗ್ನಲ್ಲಿನಲ್ಲಿ ಕಲಾವತಿ ಸ್ಕೂಟರ್ ನಿಲ್ಲಿಸಿದಾಗ ಪಕ್ಕದಲ್ಲೇ ಒಂದು ಚರ್ಮದ ಜಾಕೆಟ್ಟುಗಳ ಅಂಗಡಿ ಇತ್ತು. ಗಾಜಿನ ಹಿಂದೆ ಕಂದು ಬಣ್ಣದ್ದೊಂದು ನೇತಾಡುತ್ತಿತ್ತು. ಹಿಂದಿನ ಕಾಲದ ಬೈಕಿನವರು ಹಾಕುತ್ತಿದ್ದ ಮಾದರಿ. ಓರೆಯಾದ ಜಿಪ್ಪು, ಸವೆದಂತೆ ಕಾಣುವ ಮೊಣಕೈ. "ಅದ್ನ ಹಾಕ್ಕೊಂಡು ಒಂದ್ಸಲ ನಂದಿಬೆಟ್ಟಕ್ಕೆ ಗಾಡಿ ಓಡಿಸ್ಬೇಕು ಕಣ್ರೀ," ಎಂದಳು ಕಲಾವತಿ. ಹಿಂದೆ ಕೂತಿದ್ದ ಮುನೇಶ, "ನಿನ್ ವಯಸ್ಸೇನು? ಅದೂ ಯಾರೋ ಹಾಕಿ ಬಿಸಾಕಿದ್ ಥರ ಇದೆ," ಎಂದ. ಸಿಗ್ನಲ್ ಬಿಟ್ಟಿತು. ಅವಳು ಗಾಡಿ ಮುಂದೆ ತೆಗೆದಳು. ಆಮೇಲೆ ಎಂಟು ವರ್ಷ ಅದೇ ಅಂಗಡಿಯ ಮುಂದೆ ಓಡಾಡಿದರೂ ಅವಳು ಒಂದು ಸಲವೂ ಆ ಕಡೆ ನೋಡಲಿಲ್ಲ. ಮುಂದಿನವಳು ತಲೆ ತಿರುಗಿಸಿದಳೋ ಇಲ್ಲವೋ ಎಂಬುದು ಹಿಂದೆ ಕೂತವನಿಗೆ ಚೆನ್ನಾಗಿ ತಿಳಿಯುತ್ತದೆ. ಅಂದು ಆಡಿದ ಆ ಎರಡು ಮಾತನ್ನು ಹೇಗಾದರೂ ವಾಪಸ್ ತೆಗೆದುಕೊಳ್ಳಬೇಕು ಎಂಬುದೊಂದೇ ಈಗ ಮುನೇಶನಿಗೆ ಉಳಿದಿದ್ದ ಆಸೆ.

ಅದಕ್ಕೆ ನಮ್ಮವರಲ್ಲಿ ಒಂದು ದಾರಿ ಇದೆ. ಪಿತೃಪಕ್ಷದ ಅಮಾವಾಸ್ಯೆಯಲ್ಲಿ ತೀರಿಕೊಂಡವರ ಫೋಟೋದ ಮುಂದೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದ ಅಡುಗೆ, ಜೊತೆಗೆ ಹೊಸ ಬಟ್ಟೆ. ಬಟ್ಟೆ ಹೊಚ್ಚ ಹೊಸದಾಗಿರಬೇಕು, ಅದನ್ನು ಯಾರೂ ಮೈಗೆ ಹಾಕಿ ನೋಡಿರಬಾರದು. ಹೆಂಗಸರಿಗಾದರೆ ಸೀರೆ, ಬ್ಲೌಸು, ಬಳೆ. ಚರ್ಮದ ಜಾಕೆಟ್ಟು ಇಡಬಾರದು ಎಂದು ಎಲ್ಲೂ ಬರೆದಿಲ್ಲ ಎನ್ನುವುದು ಮುನೇಶನ ತರ್ಕ.

ಸೆಪ್ಟೆಂಬರಿನ ಒಂದು ಶನಿವಾರ ಅವನು ನನ್ನ ಜೆರಾಕ್ಸ್ ಅಂಗಡಿಗೆ ಬಂದು ಆರ್.ಟಿ. ನಗರದ ತನಕ ಬಿಡುತ್ತೀಯಾ ಎಂದು ಕೇಳಿದ. ಏಳು ತಿಂಗಳಲ್ಲಿ ಮೊದಲ ಸಲ ಗಾಡಿ ಹತ್ತುತ್ತೇನೆ ಎಂದನಲ್ಲ ಎಂದು ನಾನು ಖುಷಿಯಿಂದ ಶಟರ್ ಎಳೆದೆ. ಹಿಂದೆ ಕೂತವನು ದಾರಿಯಲ್ಲಿ ಹೇಳಿದ್ದು ಒಂದೇ ಮಾತು, ನಿನ್ನ ಭುಜ ಎತ್ತರ ಕಣೋ ಎಂದು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಅಂಗಡಿಯ ಯಜಮಾನ ವಹಾಬ್. ಕೌಂಟರಿನಲ್ಲಿ ಅವನ ತಂಗಿ ಗೌಹರ್. ವಹಾಬ್ ಮುನೇಶನ ಹವಾಯಿ ಚಪ್ಪಲಿಯಿಂದ ಹಣೆಯ ವಿಭೂತಿಯವರೆಗೆ ನೋಡಿ, ಯಾವ ಗಾಡಿ ಸಾರ್ ನಿಮ್ಮದು ಎಂದು ಕೇಳಿದ. ಗಾಡಿ ಇಲ್ಲ, ಓಡಿಸಲು ಬರುವುದೂ ಇಲ್ಲ ಎಂದ ಮುನೇಶ. ವಹಾಬ್ ಅನುಭವಸ್ಥ. ಓಡಿಸದವರೇ ಜಾಸ್ತಿ ತೆಗೆದುಕೊಳ್ಳುವುದು, ಓಡಿಸುವವರು ಬರೀ ನೋಡಿಕೊಂಡು ಹೋಗುತ್ತಾರೆ ಎಂದು ಸಮಾಧಾನ ಮಾಡಿದ.

"ನನಗಲ್ಲ," ಎಂದ ಮುನೇಶ. "ಮನೆಯವಳಿಗೆ."

ಅನಾಹುತವೆಲ್ಲ ಈ ಒಂದೇ ಪದದಿಂದ. ಅವನ ಮನೆಯವಳು ಹೋಗಿ ಏಳು ತಿಂಗಳಾಗಿತ್ತು. ನಾನೇ ಹೆಗಲು ಕೊಟ್ಟಿದ್ದೆ. ಅಂಥವನು ಮನೆಯವಳಿಗೆ ಜಾಕೆಟ್ಟು ಬೇಕು ಎಂದರೆ ಬುದ್ಧಿಯಿರುವವರಿಗೆ ಏನು ಅರ್ಥವಾಗಬೇಕು? ನನಗೆ ಬುದ್ಧಿಯಿದೆ. ತಕ್ಷಣ ಅರ್ಥವಾಯಿತು.

ವಹಾಬ್ ಅಳತೆ ಕೇಳಿದ. ಮುನೇಶನಿಗೆ ಗೊತ್ತಿರಲಿಲ್ಲ. ಕಲಾವತಿಯ ಬಟ್ಟೆಗಳನ್ನೆಲ್ಲ ಹನ್ನೊಂದನೇ ದಿನದ ತಿಥಿಯಲ್ಲೇ ಹಂಚಿಯಾಗಿತ್ತು. ಅವಳ ಅಳತೆ ಪುಸ್ತಕದಲ್ಲಿ ಬೀದಿಯ ಹೆಂಗಸರದೆಲ್ಲ ಇತ್ತು, ಅವಳದೊಂದು ಇರಲಿಲ್ಲ. ಒಂದು ಸಲ ಕರೆದುಕೊಂಡು ಬನ್ನಿ ಎಂದು ವಹಾಬ್ ಹೇಳಿದ್ದಕ್ಕೆ, ಬರಕ್ಕಾಗಲ್ಲ ಎಂದ. ವಹಾಬ್ ನನ್ನ ಕಡೆ ನೋಡಿ ನಕ್ಕು, ಸರ್‌ಪ್ರೈಸು ಎಂದು ತೀರ್ಮಾನಿಸಿದ. ಗೌಹರ್ ಎದ್ದು ಬಂದು, ನನ್ನಷ್ಟೇ ಇರಬಹುದು, ನಾನೇ ಹಾಕಿ ತೋರಿಸುತ್ತೇನೆ ಎಂದು ಒಂದು ಜಾಕೆಟ್ಟಿಗೆ ಕೈ ತೂರಿಸಿದಳು. ಮುನೇಶ ಓಡಿ ಹೋಗಿ ಇನ್ನೊಂದು ತೋಳು ಹಿಡಿದುಕೊಂಡ. "ಬೇಡಮ್ಮ, ಯಾರೂ ಹಾಕ್ಬಾರ್ದು," ಎಂದ. ಕೈ ತೂರಿಸಿದ ಜಾಕೆಟ್ಟನ್ನು ದೂರ ಇಡಿಸಿ, ಯಾರೂ ಮುಟ್ಟದಿರುವುದು ಬೇಕೆಂದ. ಈ ವಯಸ್ಸಿನಲ್ಲಿ ಇಷ್ಟೊಂದು ಪ್ರೀತಿಯೇ ಎಂದು ನಾನು ಬೆರಗಾದೆ.

ಆಮೇಲೆ ಅವನು ಒಂದು ಸ್ಟೂಲು ಕೇಳಿದ. ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ ಬೊಂಬೆಗೆ ಆ ಕಂದು ಮಾದರಿಯದೇ ಒಂದು ಜಾಕೆಟ್ಟು ಹಾಕಿಸಿ, ಅದರ ಹಿಂದೆ ಸ್ಟೂಲು ಎಳೆದುಕೊಂಡು ಕೂತ. ಬೊಂಬೆಯ ಬಲ ಭುಜದ ಮೇಲಿಂದ ಗಾಜಿನಾಚೆಯ ರಸ್ತೆಯನ್ನು ನೋಡಿದ.

"ಇದು ಬೇಡ. ರಸ್ತೆ ಕಾಣಲ್ಲ," ಎಂದ.

ಎರಡನೆಯದರಲ್ಲಿ ರಸ್ತೆ ಬೇಕಾದ್ದಕ್ಕಿಂತ ಜಾಸ್ತಿ ಕಂಡಿತು. ಮೂರನೆಯದರ ಕಾಲರ್ ಅಡ್ಡ ಬಂತು. ರಸ್ತೆ ನೋಡಿ ಜಾಕೆಟ್ಟು ಆರಿಸುವ ಗಿರಾಕಿ ವಹಾಬನಿಗೆ ಅವನೇ ಮೊದಲಿಗ. ಆದರೂ ಮರು ಮಾತಾಡದೆ ಬಿಚ್ಚಿ ತೊಡಿಸುತ್ತಿದ್ದ. ನಾಲ್ಕನೆಯದನ್ನು ತೊಡಿಸಿದಾಗ ಮುನೇಶ ಸ್ವಲ್ಪ ಬಲಕ್ಕೆ ವಾಲಿದ. ಎಡಗೈ ಎತ್ತಿ ಜಾಕೆಟ್ಟಿನ ಭುಜದ ಮೇಲೆ ಇಟ್ಟ. ಹೊರಗೆ ಸಿಗ್ನಲ್ ಕೆಂಪಾಯಿತು, ಹಸಿರಾಯಿತು, ಮತ್ತೆ ಕೆಂಪಾಯಿತು. ಅವನು ಏಳಲಿಲ್ಲ. ಗೌಹರ್ ಮೆಲ್ಲಗೆ ಕೌಂಟರಿಗೆ ಹೋಗಿ ಕೂತಳು. ಕೊನೆಗೆ, "ಇದೇ," ಎಂದ.

ಗೌಹರ್‌ಗೆ ಅವನ ಕಣ್ಣು ನೋಡಿಯೇ ಏನೋ ಗೊತ್ತಾಗಿತ್ತು. ನಲವತ್ತು ವರ್ಷದ ಗೆಳೆಯನಾದ ನನಗೆ ಮಾತ್ರ ಕಂಡಿದ್ದು ಒಬ್ಬ ಗಂಡಸಿನ ಹೊಸ ಹುಚ್ಚು. ಈಗಲೂ ಆ ಸ್ಟೂಲು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆದರೆ ಅಂದು ಸಂಜೆ ಅಸಹ್ಯವಾಗಲಿಲ್ಲ, ನಯನಾಗೆ ಹೇಳಿದೆ. ಸೋಮವಾರದ ಹೊತ್ತಿಗೆ ಆ ಹೆಂಗಸು ಯಲಹಂಕದವಳಾಗಿದ್ದಳು. ಮಂಗಳವಾರ ಅವಳಿಗೆ ಬುಲೆಟ್ ಬೈಕು ಬಂತು. ಬುಧವಾರ ಅವಳು ಒಬ್ಬಳೇ ಲಡಾಖಿಗೆ ಹೋಗಿ ಬಂದಳು. ಮುನೇಶ ಮೀಟರ್ ನೋಡಲು ಹೋದ ಮನೆಗಳಲ್ಲಿ, ಏಳು ತಿಂಗಳಿಂದ ಗೇಟಿನಲ್ಲೇ ಮುಖ ತಿರುಗಿಸುತ್ತಿದ್ದವರೆಲ್ಲ ಒಳಗೆ ಕರೆದು ಕಾಫಿ ಕೊಟ್ಟರು. ಸತ್ತವಳ ವಿಷಯ ಮಾತಾಡಲು ಬಾಯಿ ಬರದವರಿಗೆ ಬರುವವಳ ವಿಷಯ ಮಾತಾಡಲು ಸಲೀಸಾಗಿತ್ತು. ಒಳ್ಳೇದು ಮಾಡಿದಿರಿ, ಒಂಟಿಯಾಗಿ ಎಷ್ಟು ದಿನ ಇರುತ್ತೀರಿ ಎಂದರು. ಎಡೆಗೆ ಬಟ್ಟೆ ತಂದಿದ್ದನ್ನು ಹೇಳುತ್ತಿದ್ದಾರೆ ಎಂದುಕೊಂಡು ಮುನೇಶ, ಹೌದು, ಬಹಳ ದಿನದ ಸಾಲ ಎಂದ. ಆ ಮಾತೂ ಬೀದಿಗೆ ಬಂತು, ಬಹಳ ದಿನದ ಸಂಬಂಧವಂತೆ ಎಂದು.

ಇಲಾಖೆಯೂ ಹಿಂದೆ ಬೀಳಲಿಲ್ಲ. ಅವನ ಸಾಹೇಬರು ಕರೆದು ಅಭಿನಂದಿಸಿ, ಇನ್ನು ನಾಮಿನಿ ಫಾರಂ ಹೊಸದಾಗಿ ತುಂಬಬೇಕಲ್ಲ ಎಂದು ಮುಂದಿಟ್ಟರು. ಹೆಂಡತಿಯ ಹೆಸರು ಬರೆಯುವ ಜಾಗದಲ್ಲಿ ಮುನೇಶ ಕಲಾವತಿ ಎಂದು ಬರೆದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಇವರ ಹೆಸರೂ ಕಲಾವತಿಯೇ ಎಂದು ಕೇಳಿದರು.

"ಅವಳ ಹೆಸರು ಕಲಾವತೀನೇ ಸಾರ್," ಎಂದ ಮುನೇಶ.

ಗುರುವಾರ ನಮ್ಮ ಬೀದಿಗೆ ತಲುಪಿದ ಸುದ್ದಿ ಇದು: ಹೊಸಬಳ ಹೆಸರೂ ಕಲಾವತಿ.

ಶುಕ್ರವಾರ ಆನಂದಪ್ಪನವರ ಕಾರು ನನ್ನ ಅಂಗಡಿಯ ಮುಂದೆ ನಿಂತಿತು. ಇವರು ಕಲಾವತಿಯ ಅಣ್ಣ. ರಾಜಾನುಕುಂಟೆಯಲ್ಲಿ ಹೊಲವಿದ್ದ ಜಾಗದಲ್ಲಿ ಈಗ ಲೇಔಟ್ ಮಾಡಿ ಸೈಟು ಮಾರುತ್ತಾರೆ. ದೊಡ್ಡ ಆಳು, ದೊಡ್ಡ ಧ್ವನಿ. ಜಗಳಕ್ಕೇ ಬಂದಿದ್ದಾರೆ ಎಂದು ನಾನು ಜೆರಾಕ್ಸ್ ಮಶೀನಿನ ಹಿಂದೆ ಸರಿದೆ. ಅವರು ಜಗಳವಾಡಲಿಲ್ಲ. ಸ್ಟೂಲಿನ ಮೇಲೆ ಕೂತು ನೆಲ ನೋಡಿದರು.

"ಇನ್ನೊಂದ್ ಮದ್ವೆ ಆಗ್ಲಿ, ಬ್ಯಾಡ ಅನ್ನಲ್ಲ ಕಣ್ರೀ," ಎಂದರು. "ಆ ಎಸ್ರಾದ್ರೂ ನಮ್ ಉಡ್ಗೀಗೆ ಬಿಡ್ಬೌದಾಗಿತ್ತು."

ಮುನೇಶನ ದೊಡ್ಡಮ್ಮ ಗಂಗರತ್ನಮ್ಮನವರೊಂದಿಗೂ ಮಾತಾಡಿದ್ದೇನೆಂದೂ, ಅಮಾವಾಸ್ಯೆಯ ದಿನ ಎಲ್ಲರೂ ಬಂದು ಫೋಟೋದ ಮುಂದೆಯೇ ಕೇಳುತ್ತೇವೆಂದೂ ಹೇಳಿದರು. ತಮ್ಮ ತಾಯಿ ಮುನಿನಾರಾಯಣಮ್ಮನವರಿಗೆ ಮಾತ್ರ ಯಾರೂ ವಿಷಯ ತಿಳಿಸಬಾರದು, ಕಣ್ಣೂ ಕಾಣದ, ಕಿವಿಯೂ ಸರಿಯಾಗಿ ಕೇಳದ ಮುದುಕಿ ಎಂದು ಬೇಡಿಕೊಂಡು ಹೋದರು. ನಯನಾಗೆ ಹೇಳಬಾರದಿತ್ತು ಎಂದು ಆಗ ನನಗೆ ಮೊದಲ ಸಲ ಅನ್ನಿಸಿತು.

ಅಮಾವಾಸ್ಯೆಯ ದಿನ ಮುನೇಶನ ಮನೆಯಲ್ಲಿ ಹನ್ನೊಂದನೇ ದಿನಕ್ಕಿಂತ ಹೆಚ್ಚು ಜನ ಸೇರಿದ್ದರು. ದುಃಖಕ್ಕೆ ಬಾರದವರೂ ಕುತೂಹಲಕ್ಕೆ ಬಂದಿದ್ದರು. ಮುನಿನಾರಾಯಣಮ್ಮನವರನ್ನು ಹೊರಗೆ ಬಿಸಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಒಳಗೆ ಫೋಟೋಗೆ ಹೂವು, ಮುಂದೆ ಬಾಳೆಲೆಯಲ್ಲಿ ಮುದ್ದೆ, ಕುರಿ ಮಾಂಸದ ಸಾರು, ಚಕ್ಕುಲಿ, ಪಕ್ಕದಲ್ಲಿ ಹಸಿರು ಸೀರೆ, ಬಳೆ. ಬಂದವರೆಲ್ಲ ಫೋಟೋಗೆ ಕೈ ಮುಗಿದು, ಮುಗಿದ ಕೈಯಲ್ಲೇ ರೂಮಿನ ಕಡೆ ಇಣುಕುತ್ತಿದ್ದರು. ಕೊನೆಗೆ ಆನಂದಪ್ಪನವರು ಗಂಟಲು ಸರಿಮಾಡಿಕೊಂಡು, ಎಲ್ಲಿ ಅವಳು ಎಂದು ಕೇಳಿಯೇಬಿಟ್ಟರು. ಮುನೇಶ ಯಾರು ಎಂದ. ಕಲಾವತಿ ಎಂದರು ಅವರು.

ಮುನೇಶ ಫೋಟೋ ನೋಡಿದ. ಆಮೇಲೆ ಅವರನ್ನು ನೋಡಿದ. "ಇಲ್ಲೇ ಇದಾಳಲ್ಲ ಭಾವ," ಎಂದ.

ಅವನು ರೂಮಿಗೆ ಹೋಗಿ, ಕವರಿನಿಂದ ಜಾಕೆಟ್ಟು ತೆಗೆದು, ಎರಡೂ ಕೈಯಲ್ಲಿ ಹಿಡಿದು ತಂದ. "ಇದನ್ನೂ ಎಡೆಗಿಡ್ಬೇಕು. ಒಂದ್ಸಲ ಕೇಳಿದ್ಲು. ನಾನ್ ಕೊಡಿಸ್ಲಿಲ್ಲ," ಎಂದ.

ಆನಂದಪ್ಪನವರು ಹಾಗೇ ನೆಲದ ಮೇಲೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡರು. ನಯನಾ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

ಇಲ್ಲಿಗೆ ಮುಗಿಯಬೇಕಿತ್ತು, ಆದರೆ ಗಂಗರತ್ನಮ್ಮನವರು ಶಾಸ್ತ್ರದ ವಿಷಯದಲ್ಲಿ ಯಾರನ್ನೂ ಬಿಡುವವರಲ್ಲ. ಇದು ಚರ್ಮವಲ್ಲವೇ ಎಂದರು. ಕುರಿಯ ಚರ್ಮ ಎಂದ ಮುನೇಶ. ಎಲೆಯ ಮೇಲೆ ಕುರಿ ಇರಬಹುದಾದರೆ ಎಲೆಯ ಪಕ್ಕದಲ್ಲಿ ಅದರ ಚರ್ಮ ಯಾಕಿರಬಾರದು ಎಂದು ಆನಂದಪ್ಪನವರು ಟವೆಲಿನ ಒಳಗಿನಿಂದಲೇ ತೀರ್ಪು ಕೊಟ್ಟರು. ಆಗ ಗಂಗರತ್ನಮ್ಮನವರು ಜಾಕೆಟ್ಟನ್ನು ಬೆಳಕಿಗೆ ಹಿಡಿದು ಮೊಣಕೈ ನೋಡಿದರು, ಕಾಲರ್ ನೋಡಿದರು. ಸವೆದಿತ್ತು. ಬಣ್ಣ ಹೋಗಿತ್ತು. ಯಾರೋ ಹಾಕಿ ಬಿಟ್ಟ ಹಳೇ ಬಟ್ಟೆ ತಂದು ಸತ್ತವಳಿಗೆ ಇಡುತ್ತೀಯಾ ಎಂದು ಮುನೇಶನನ್ನು ಕೇಳಿದರು. ಎಂಟು ವರ್ಷದ ಹಿಂದೆ ತಾನೇ ಆಡಿದ ಮಾತು ತನಗೇ ತಿರುಗಿ ಬಂದಾಗ ಅವನ ಮುಖ ಹೇಗಾಯಿತೆಂದರೆ, ನಾನು ತಡೆಯಲಾರದೆ ವಹಾಬನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

ಹೊಸದೇ, ನೋಡಲು ಮಾತ್ರ ಹಳೆಯದು, ನಾವೇ ಉಜ್ಜಿ ಉಜ್ಜಿ ಹಾಗೆ ಮಾಡಿಸಿದ್ದು ಎಂದು ವಹಾಬ್ ವಿವರಿಸಿದ.

"ಒಸಾದ್ನ ಯಾಕಪ್ಪ ಉಜ್ಜಿ ಅಳೇದ್ ಮಾಡ್ತೀರ?" ಎಂದರು ಗಂಗ‌ರತ್ನಮ್ಮ.

"ಜನ ಕೇಳ್ತಾರಮ್ಮ. ಹಳೇದು ಅಂದ್ರೆ ಎಲ್ಲೆಲ್ಲೋ ಓಡಾಡ್ಕೊಂಡ್ ಬಂದಿರೋ ಥರ ಕಾಣುತ್ತಲ್ಲ, ಅದಕ್ಕೆ."

ಮೈಗೆ ಯಾರೂ ಹಾಕಿಲ್ಲವಷ್ಟೇ ಎಂದು ಅವರು ಕೇಳಿದರು. ಹಾಕುವುದಕ್ಕೆ ಸಾರ್ ಬಿಡಲೇ ಇಲ್ಲ ಎಂದ ವಹಾಬ್. ಗಂಗರತ್ನಮ್ಮ ಒಪ್ಪಿದರು. ನಾನು ಫೋನ್ ಇಡುವಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಮಾತು ಬಂತು. "ಸಾರ್, ಮೇಡಂಗೆ ಸೈಜ್ ಸರಿಹೋಯ್ತಾ?"

ಮುನೇಶ ಫೋನಿನ ಹತ್ತಿರ ಬಗ್ಗಿದ. "ಸರಿಹೋಯ್ತು," ಎಂದ.

ಎಡೆ ಇಟ್ಟ ಮೇಲೆ ಹಿರಿಯರು ಬಂದು ಊಟ ಮಾಡಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ನಾವೆಲ್ಲ ಕಾಂಪೌಂಡಿನಲ್ಲಿ ಸ್ಕೂಟರಿನ ಸುತ್ತ ನಿಂತೆವು. ಮುನೇಶ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ನನಗೆ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿದುಕೊಳ್ಳಲಿಲ್ಲ.

ಬಾಗಿಲು ತೆಗೆದ ಮೇಲೆ ಮುನಿನಾರಾಯಣಮ್ಮನವರನ್ನು ಕೈ ಹಿಡಿದು ಒಳಗೆ ಕರೆತಂದರು. ಮಗಳ ಎಡೆಯ ಮುಂದೆ ಕೂತು ಒಂದೊಂದನ್ನೇ ಮುಟ್ಟಿ ನೋಡಿದರು. ಸೀರೆ ಮುಟ್ಟಿದರು, ಬಳೆ ಮುಟ್ಟಿದರು, ಜಾಕೆಟ್ಟಿಗೆ ಕೈ ತಗುಲಿದಾಗ ಇದೇನೆಂದು ಕೇಳಿದರು. ಗಾಡಿ ಓಡಿಸುವಾಗ ಹಾಕುವ ಜಾಕೆಟ್ಟು, ಕಲಾವತಿಯದು ಎಂದು ಆನಂದಪ್ಪನವರು ಕಿವಿಯ ಹತ್ತಿರ ಕೂಗಿ ಹೇಳಿದರು. ಮುದುಕಿಯ ಬೆರಳು ತೋಳಿನುದ್ದ ಹೋಗಿ ಮೊಣಕೈಯಲ್ಲಿ ನಿಂತಿತು. ಅಲ್ಲೇ ಮೆಲ್ಲಗೆ ತಿರುಗಾಡಿತು.

"ಎಂಗ್ ಸವ್ದೋಗೈತೆ ನೋಡು," ಎಂದರು. "ನನ್ ಮಗ್ಳು ಎಷ್ಟ್ ವರ್ಸ ಆಕ್ಕಂಡಿದ್ಳಪ್ಪ ಇದ್ನ?"

ಇದನ್ನು ಯಾರೂ ಮೈಗೆ ಹಾಕಿಲ್ಲ ಎಂಬುದು ಅರ್ಧ ಗಂಟೆಯ ಹಿಂದೆ ಇಡೀ ಮನೆಯ ಮುಂದೆ ಸಾಬೀತಾಗಿತ್ತು. ಅದರ ಮೇಲೇ ಎಡೆ ನಡೆದಿತ್ತು. ಮುನೇಶ ಅತ್ತೆಯ ಕಿವಿಗೆ ಹತ್ತಿರವಾಗಿ ಕೂತ.

"ಎಂಟ್ ವರ್ಷ ಅತ್ತೆ," ಎಂದ. "ಭಾನುವಾರ ಭಾನುವಾರ ನಂದಿಬೆಟ್ಟಕ್ಕೆ ಹೋಗ್ತಿದ್ವಿ. ಬೆಳಗಿನ್ ಹೊತ್ತು ಚಳಿ ಅಲ್ವಾ, ಇದನ್ನ ಹಾಕ್ಕೊಂಡು ಅವಳು ಓಡಿಸೋಳು. ನಾನು ಹಿಂದೆ. ತಿರುವು ಬಂದಾಗೆಲ್ಲ ಗಟ್ಟಿಯಾಗಿ ಹಿಡ್ಕೊಳ್ರೀ ಅನ್ನೋಳು. ಅವಳ ಭುಜದ ಮೇಲಿಂದ ರಸ್ತೆ ಪೂರ್ತಿ ಕಾಣೋದು."

ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮುದುಕಿ ತಲೆಯಾಡಿಸಿ, ಗಂಗರತ್ನಮ್ಮನವರು ಇದ್ದ ಕಡೆ ಮುಖ ಮಾಡಿ, ನೀನೂ ನೋಡಿದ್ದಾ ಎಂದು ಕೇಳಿದರು. ಗಂಗರತ್ನಮ್ಮ ಕಣ್ಣೊರೆಸಿಕೊಂಡರು.

"ನೋಡ್ದೆ ಏನಕ್ಕ. ಬೀದಿಯೋರೆಲ್ಲಾ ನೋಡವ್ರೆ. ಬೇಕಾದ್ರೆ ನಾಗೇಸನ್ನ ಕೇಳು," ಎಂದರು.

ನಾಗೇಶ ಎಂದರೆ ನಾನು. ಎಲ್ಲರೂ ನನ್ನ ಕಡೆ ತಿರುಗಿದರು. ಹೌದಮ್ಮ, ಪ್ರತಿ ಭಾನುವಾರ ನೋಡುತ್ತಿದ್ದೆ, ನಮ್ಮ ಬೀದಿಯಲ್ಲಿ ಅಷ್ಟು ಚೆನ್ನಾಗಿ ಗಾಡಿ ಓಡಿಸುವವರು ಇನ್ನೊಬ್ಬರಿರಲಿಲ್ಲ ಎಂದೆ. ಇದರಲ್ಲಿ ಅರ್ಧ ನಿಜ. ಆ ಅರ್ಧವನ್ನು ಅವಳು ಬದುಕಿದ್ದಾಗ ನಾನು ಒಂದು ದಿನವೂ ಹೇಳಿರಲಿಲ್ಲ.

ಎಡೆಯ ಸೀರೆಯನ್ನು ಗಂಗರತ್ನಮ್ಮನವರಿಗೆ ಕೊಟ್ಟರು. ಜಾಕೆಟ್ಟನ್ನು ಮುನಿನಾರಾಯಣಮ್ಮ ಬಿಡಲಿಲ್ಲ. ಸಂಜೆ ಸೀರೆಯ ಮೇಲೇ ಹೊದ್ದುಕೊಂಡು ಕಾರು ಹತ್ತಿದರು.

ಮುನೇಶನ ಮದುವೆಯ ಸುದ್ದಿ ನನ್ನದಲ್ಲ, ಮೊದಲೇ ಹೇಳಿದ್ದೇನೆ. ಆದರೆ ಇನ್ನೊಂದು ಸುದ್ದಿ ಈಗ ಗಂಗಾನಗರದಲ್ಲಿ ಓಡಾಡುತ್ತಿದೆ. ಬ್ಲೌಸ್ ಹೊಲಿಯುತ್ತಿದ್ದ ಕಲಾವತಿ ಎಂಟು ವರ್ಷ ಬಿಡದೆ ಪ್ರತಿ ಭಾನುವಾರ ಚರ್ಮದ ಜಾಕೆಟ್ಟು ಹಾಕಿಕೊಂಡು, ಗಂಡನನ್ನು ಹಿಂದೆ ಕೂರಿಸಿಕೊಂಡು ನಂದಿಬೆಟ್ಟ ಹತ್ತುತ್ತಿದ್ದಳಂತೆ ಎಂದು. ಇದನ್ನು ಹಬ್ಬಿಸುತ್ತಿರುವವನು ನಾನೇ, ಒಪ್ಪಿಕೊಳ್ಳುತ್ತೇನೆ. ಜೆರಾಕ್ಸಿಗೆ ಬಂದವರಿಗೆಲ್ಲ ಹೇಳುತ್ತೇನೆ. ಬೇಗ ಹಬ್ಬಲಿ ಎಂದು, ಯಾರಿಗೂ ಹೇಳಬೇಡಿ ಎಂದು ಎಚ್ಚರಿಸಿಯೇ ಹೇಳುತ್ತೇನೆ.